ಸಭೆಗಳ ಚರಿತ್ರೆಯಲ್ಲಿ ನಾಗರತ್ನಮ್ಮನವರಿಗೂ ಜಾಗವಿರಲಿ

ಮಾನ್ಯರೇ,

ಮದ್ರಾಸಿನ ಸಂಗೀತ ಸಭೆಗಳ ಹುಟ್ಟಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ಗಾಯಕಿ ಬೆಂಗಳೂರು ನಾಗರತ್ನಮ್ಮನವರ ಹೆಸರೇ ಇಲ್ಲದ್ದು ನೋಡಿ ಬೇಸರವಾಯಿತು.

1927ರ ಡಿಸೆಂಬರ್‌ನಲ್ಲಿ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಜೊತೆಗೇ ಅಖಿಲ ಭಾರತ ಸಂಗೀತ ಸಮ್ಮೇಳನವೂ ನಡೆಯಿತು. ಮರುವರ್ಷ ಅಲ್ಲೇ ಮ್ಯೂಸಿಕ್ ಅಕಾಡೆಮಿ ಎಂಬ ಸಂಗೀತ ಸಂಸ್ಥೆ ಶುರುವಾಯಿತು. ಸ್ವರಾಜ್ಯ ಕೇಳುವ ದೇಶಕ್ಕೆ ತನ್ನದೇ ಸಂಗೀತವಿದೆ ಎಂದು ತೋರಿಸುವ ಹಂಬಲ ಅದು. ಒಳ್ಳೆಯದೇ. ಆದರೆ ತಲೆಮಾರುಗಳಿಂದ ಆ ಸಂಗೀತವನ್ನು ಕಾಪಾಡಿಕೊಂಡು ಬಂದ ದೇವದಾಸಿ ಮನೆತನದ ಹೆಣ್ಣುಮಕ್ಕಳನ್ನು ಆ ಕಾಲ ಪಕ್ಕಕ್ಕೆ ಸರಿಸಿತು.

ಅಂಥದೇ ಮನೆತನದಲ್ಲಿ, ನಂಜನಗೂಡಿನಲ್ಲಿ ಹುಟ್ಟಿದ ನಾಗರತ್ನಮ್ಮ ತಮ್ಮ ಸಂಪಾದನೆಯ ಹಣದಲ್ಲೇ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. 1920ರ ದಶಕದಲ್ಲಿ ಅದರ ಪ್ರತಿಷ್ಠೆಯೂ ಆಯಿತು. ಆದರೂ ತ್ಯಾಗರಾಜರ ಪುಣ್ಯತಿಥಿಯ ಆರಾಧನೆ ನಡೆಸುತ್ತಿದ್ದ ಗುಂಪುಗಳು ಹೆಂಗಸರಿಗೆ ಅಲ್ಲಿ ಹಾಡಲು ಬಿಡಲಿಲ್ಲ. ತಾನೇ ಕಟ್ಟಿಸಿದ ಗುಡಿಯಲ್ಲಿ ತನಗೇ ಹಾಡುವ ಹಕ್ಕಿಲ್ಲ ಎಂದರೆ ಎಂಥ ಅನ್ಯಾಯ ಅಲ್ವಾ? ಅವರು ಸುಮ್ನೆ ಕೂರಲಿಲ್ಲ. ಗುಡಿಯ ಹಿಂದೆಯೇ ಹೆಂಗಸರದ್ದೇ ಆರಾಧನೆ ಶುರು ಮಾಡಿದರು.

ನಮ್ಮ ಊರುಗಳ ಸಂಗೀತ ಸಭೆಗಳು ಮುಂದಿನ ಪುಷ್ಯ ಬಹುಳ ಪಂಚಮಿಯ ಆರಾಧನೆಯಲ್ಲಿ ಅರ್ಧ ಗಂಟೆಯಾದರೂ ಅವರಿಗೆ ಮೀಸಲಿಡಲಿ. ಅವರ ಹಳೆಯ ಗ್ರಾಮಫೋನ್ ಹಾಡುಗಳನ್ನು ಮಕ್ಕಳಿಗೆ ಕೇಳಿಸಲಿ.

– ಓದುಗರೊಬ್ಬರು, ಮೈಸೂರು