ಲಾರಿ ಆಮೇಲೆ ನೋಡೋಣ ಅಪ್ಪ, ಮೊದಲು ಬಾವಿ ನೀರು

ಪೋರ್ಟ್ ಹಾರ್ಕೋರ್ಟ್, ನೈಜೀರಿಯಾ
11 ನವೆಂಬರ್ 2025

ಪ್ರೀತಿಯ ಅಪ್ಪ, ಅಮ್ಮ,

ನಾನು ಕ್ಷೇಮ. ಹೋದ ವಾರ ಮಲೇರಿಯಾ ಬಂದಿತ್ತು, ಮೂರು ದಿನದಲ್ಲಿ ಹೋಯಿತು. ಇಲ್ಲಿ ಅದು ನೆಗಡಿ ಇದ್ದ ಹಾಗೆ, ಅಮ್ಮ, ಗಾಬರಿಯಾಗಬೇಡ. ನೀನು ಕಳಿಸಿದ ಖಾರದಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ಅಪ್ಪ, ಮೊನ್ನೆ ಫೋನಿನಲ್ಲಿ ನೀವು ಎರಡು ವಿಷಯ ಕೇಳಿದಿರಿ. ಎಣ್ಣೆ ಬಾವಿ ಇರುವ ದೇಶದಲ್ಲಿ ಪೆಟ್ರೋಲ್‌ಗೆ ಯಾಕೆ ಪರದಾಟ ಅಂತ ಒಂದು. ನಮ್ಮ ಗುಡ್ಡದ ಆಚೆ ಹೊಸ ಗಣಿ ಶುರುವಾಗುತ್ತದಂತೆ, ತಮ್ಮನಿಗೆ ಟಿಪ್ಪರ್ ಕೊಡಿಸೋಣವೇ, ಮುಂಗಡಕ್ಕೆ ಎಷ್ಟು ಕಳಿಸುತ್ತೀಯ ಅಂತ ಇನ್ನೊಂದು. ಲೈನ್ ಕಟ್ಟಾಗುತ್ತಿತ್ತು, ಸುಮ್ನೆ ಹೂಂ ಅಂದುಬಿಟ್ಟೆ. ಆಮೇಲೆ ಯೋಚನೆ ಮಾಡಿದರೆ ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಅನ್ನಿಸಿತು. ಉದ್ದ ಆಗುತ್ತದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಪೆಟ್ರೋಲ್ ಕಥೆ ಚಿಕ್ಕದು. ಕಚ್ಚಾ ಎಣ್ಣೆ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು, ಪೆಟ್ರೋಲ್ ಇನ್ನೊಂದು ಹಡಗಿನಲ್ಲಿ ಒಳಗೆ ಬರುತ್ತಿತ್ತು. ಹತ್ತಾರು ವರ್ಷ ಇದೇ ವ್ಯಾಪಾರ. ಕಚ್ಚಾ ಎಣ್ಣೆಯಿಂದ ಪೆಟ್ರೋಲ್ ತೆಗೆಯುವ ಇಲ್ಲಿನ ಸರ್ಕಾರಿ ರಿಫೈನರಿಗಳು ಕೆಟ್ಟು ಕೂತಿದ್ದವು. ಲಾಗೋಸ್ ಹತ್ತಿರ ಡಾಂಗೋಟೆ ಅನ್ನುವ ಉದ್ಯಮಿಯ ದೊಡ್ಡ ರಿಫೈನರಿ ಕೆಲಸ ಶುರು ಮಾಡಿದ್ದು 2024ರಲ್ಲಿ. ಅದಕ್ಕೂ ಮೊದಲು, 2023ರ ಮೇ ತಿಂಗಳಲ್ಲಿ ಸರ್ಕಾರ ಸಬ್ಸಿಡಿ ತೆಗೆಯಿತು, 200 ನೈರಾ (ನೈರಾ ಅಂದರೆ ಇಲ್ಲಿನ ದುಡ್ಡು) ಒಳಗಿದ್ದ ಲೀಟರ್ ಒಂದೇ ಏಟಿಗೆ 500 ದಾಟಿತು. ನಮ್ಮ ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ ನೆನಪಿದೆಯಲ್ಲ, ಆಗ ನಾವು ಮನೆ ಮೇಲೆ ಹಾಕುವ ಕಬ್ಬಿಣದ ರೇಟು ಏನಾದರೂ ಇಳಿದಿತ್ತಾ?

ಇಲ್ಲಿ ಬಟ್ಟೆ ಒಣಹಾಕಿದರೆ ಮಸಿ ಕೂರುತ್ತದೆ. 2016ರ ಕೊನೆಯಿಂದ ಈ ಊರಿಗೆ ಹಿಡಿದ ರೋಗ ಇದು. ಸಂಡೂರಿನಲ್ಲಿ ಅಮ್ಮ ಬಿಳಿ ಪಂಚೆ ಒಗೆದು ಹಾಕಿದರೆ ಸಂಜೆಗೆ ಕೆಂಪಾಗುತ್ತಿತ್ತು, ಇಲ್ಲಿ ಕಪ್ಪಾಗುತ್ತದೆ, ಅಷ್ಟೇ ವ್ಯತ್ಯಾಸ. ಮಸಿಯ ಮುಖ್ಯ ಕಾರಣ ಕಳ್ಳಭಟ್ಟಿ. ಸಾರಾಯಿದಲ್ಲ, ಡೀಸೆಲ್‌ದು! ಪೈಪ್‌ಲೈನ್ ಕೊರೆದು ಕಚ್ಚಾ ಎಣ್ಣೆ ಕದ್ದು, ಕಾಡಿನೊಳಗೆ ಡ್ರಮ್ಮಿನಲ್ಲಿ ಕುದಿಸಿ ಡೀಸೆಲ್, ಸೀಮೆಎಣ್ಣೆ ತೆಗೆಯುತ್ತಾರೆ. 'ಕ್ಪೋ ಫೈರ್' ಅನ್ನುತ್ತಾರೆ. 2022ರ ಏಪ್ರಿಲ್‌ನಲ್ಲಿ ಪಕ್ಕದ ಇಮೋ ರಾಜ್ಯದಲ್ಲಿ ಇಂಥ ಒಂದು ಭಟ್ಟಿ ಸಿಡಿದು ನೂರಕ್ಕೂ ಜಾಸ್ತಿ ಜನ ಸುಟ್ಟುಹೋದರು. ಇನ್ನು ಕಂಪನಿಗಳು ಬಾವಿಯಿಂದ ಎಣ್ಣೆ ಜೊತೆ ಬರುವ ಗ್ಯಾಸನ್ನು ಸುಮ್ನೆ ಉರಿಸುತ್ತವೆ, ರಾತ್ರಿ ಹೈವೇಯಲ್ಲಿ ಬಂದರೆ ಆಕಾಶ ಕಿತ್ತಳೆ ಬಣ್ಣ ಆಗಿರುತ್ತದೆ. ಬೆನಿನ್ ಸಿಟಿಯ ಹೈಕೋರ್ಟು 2005ರಲ್ಲೇ ಇದು ಜನರ ಬದುಕುವ ಹಕ್ಕಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿದೆ. ಬೆಂಕಿ ಇನ್ನೂ ಉರಿಯುತ್ತಿದೆ. ಅದರ ಬುಡದಲ್ಲಿರುವ ಊರಿಗೆ ಕರೆಂಟಿಲ್ಲ.

ನಿನ್ನೆ ನಮ್ಮ ಫ್ಯಾಕ್ಟರಿ ಡ್ರೈವರ್ ರಜೆ ಹಾಕಿದ್ದ. ಅವನು ಒಗೋನಿ ಜನ, ಈ ಎಣ್ಣೆ ನಾಡಿನ ಒಂದು ಸಣ್ಣ ಜನಾಂಗ, ಊರು ಬೋಡೊ. ನವೆಂಬರ್ 10 ಅವರಿಗೆ ಒಂಥರಾ ಶ್ರಾದ್ಧದ ದಿನ. 1995ರಲ್ಲಿ ಅದೇ ದಿನ, ಇದೇ ಊರಿನ ಜೈಲಿನಲ್ಲಿ, ಕೆನ್ ಸಾರೋ-ವಿವಾ ಅನ್ನುವ ಬರಹಗಾರನನ್ನೂ ಇನ್ನೂ ಎಂಟು ಜನರನ್ನೂ ಗಲ್ಲಿಗೆ ಹಾಕಿದರು. ನಿನ್ನೆಗೆ ಸರಿಯಾಗಿ 30 ವರ್ಷ.

ಒಗೋನಿ ಜನ ಕೇಳಿದ್ದೇನು ಅಂದರೆ ನಿಮಗೆ ಆಶ್ಚರ್ಯ ಆಗುತ್ತದೆ. ನಮ್ಮ ನೆಲದ ಎಣ್ಣೆಯಲ್ಲಿ ನಮಗೂ ಪಾಲು ಕೊಡಿ, ನಮ್ಮ ನೀರು ಕೆಡಿಸಬೇಡಿ, ನಮ್ಮ ವಿಷಯ ನಾವು ನೋಡಿಕೊಳ್ಳುತ್ತೇವೆ. 1990ರಲ್ಲಿ ಇದನ್ನೆಲ್ಲ ಒಂದು ಹಕ್ಕು ಪತ್ರ ಅಂತ ಬರೆದು ಸರ್ಕಾರಕ್ಕೆ ಕೊಟ್ಟರು. 1993ರ ಜನವರಿ 4ರಂದು ಸುಮಾರು ಮೂರು ಲಕ್ಷ ಜನ ಬೀದಿಗಿಳಿದರು. ಇಡೀ ಒಗೋನಿ ಜನಸಂಖ್ಯೆಯೇ ಐದು ಲಕ್ಷ ಇದ್ದದ್ದು. ಕೈಯಲ್ಲಿ ಹಸಿರು ಟೊಂಗೆ, ಇನ್ನೇನೂ ಇಲ್ಲ. ಅದೇ ವರ್ಷ ಶೆಲ್ ಕಂಪನಿ ಅಲ್ಲಿ ಎಣ್ಣೆ ತೆಗೆಯೋದು ನಿಲ್ಲಿಸಿತು. ಮರುವರ್ಷ ನಾಲ್ಕು ಜನ ಒಗೋನಿ ಮುಖಂಡರ ಕೊಲೆಯಾಯಿತು, ಅದಕ್ಕೆ ಸಾರೋ-ವಿವಾ ಕಡೆಯವರದೇ ಕುಮ್ಮಕ್ಕು ಅಂತ ಆಗ ದೇಶ ಆಳುತ್ತಿದ್ದ ಜನರಲ್ ಅಬಾಚಾನ ಮಿಲಿಟರಿ ಸರ್ಕಾರ ವಿಶೇಷ ಕೋರ್ಟು ಮಾಡಿ, ಅಪೀಲಿಗೂ ಅವಕಾಶ ಕೊಡದೆ ನೇಣು ಹಾಕಿತು. ಈ ವರ್ಷ ಜೂನ್ 12ಕ್ಕೆ ಈಗಿನ ಅಧ್ಯಕ್ಷರು ಒಂಬತ್ತೂ ಜನರಿಗೆ ಕ್ಷಮಾದಾನ ಘೋಷಿಸಿದರು. ಡ್ರೈವರ್ ಹೇಳಿದ: "ಸರ್, ತಪ್ಪು ಮಾಡಿದವರು ಕ್ಷಮೆ ಕೇಳಬೇಕಲ್ಲವಾ, ಇವರು ಕ್ಷಮಿಸಿಬಿಟ್ಟರಲ್ಲ." ನಾನು ಏನು ಹೇಳಲಿ.

ಪಾಲಿನ ವಿಷಯವೂ ನಿಮಗೆ ಗೊತ್ತಿರಲಿ. ಸ್ವಾತಂತ್ರ್ಯ ಬಂದಾಗ ಈ ದೇಶದ ಸಂಪತ್ತು ಅಂದರೆ ಕಡಲೆಕಾಯಿ, ಕೋಕೋ. ಅವು ಬೆಳೆಯುವುದು ದೊಡ್ಡ ಜನಾಂಗಗಳ ನಾಡಿನಲ್ಲಿ. ನೆಲದಿಂದ ಬಂದ ರಾಯಧನದಲ್ಲಿ ಅರ್ಧ ಬಂದ ಕಡೆಗೇ ವಾಪಸ್ ಅಂತ ಆಗ ನಿಯಮ. ಆಮೇಲೆ ಎಣ್ಣೆ ಬಂತು, ಅದು ಇದ್ದದ್ದು ಸಣ್ಣ ಸಣ್ಣ ಜನಾಂಗಗಳ ಕೆಸರು ನಾಡಿನಲ್ಲಿ. ಆ ಅರ್ಧ ಇಳಿದು ಇಳಿದು 1980ರ ದಶಕದಲ್ಲಿ ಒಂದೂವರೆ ಪರ್ಸೆಂಟಿಗೆ ಬಂತು! 1999ರ ಸಂವಿಧಾನದಲ್ಲಿ ಕನಿಷ್ಠ 13 ಅಂತ ಮಾಡಿದರು. ಅದು ರಾಜ್ಯ ಸರ್ಕಾರದ ಕೈಗೆ ಹೋಗುತ್ತದೆ, ಅಲ್ಲಿಂದ ಮುಂದೆ ಹೇಗೆ ಇಳಿಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. 2011ರ ಜುಲೈ 29 ನಿಮಗೆ ಮರೆಯುವ ದಿನವಲ್ಲ, ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿದ ದಿನ. ನಮ್ಮ ಲಾರಿಯ ಕಂತು ಇನ್ನೂ ಬಾಕಿ ಇತ್ತು, ಅಮ್ಮನ ಬಳೆ ಹೋಯಿತು. ಅದಾಗಿ ಒಂದೇ ವಾರಕ್ಕೆ, ಆಗಸ್ಟ್ 4ಕ್ಕೆ, ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಒಗೋನಿ ನಾಡಿನ ವರದಿ ಕೊಟ್ಟರು. ಈ ಊರಿಗೆ ಹತ್ತಿರವೇ ಇರುವ ಒಗಾಲೆ ಅನ್ನುವಲ್ಲಿ ಜನ ಕುಡಿಯುವ ಬಾವಿ ನೀರಿನಲ್ಲಿ ಬೆಂಜೀನ್ ಇತ್ತು. ಅದು ಕ್ಯಾನ್ಸರ್ ತರುವ ವಿಷ. ಇರಬಹುದಾದ ಮಿತಿಗಿಂತ 900 ಪಟ್ಟು ಜಾಸ್ತಿ. ನೆಲದೊಳಗೆ ನೀರಿನ ಮೇಲೆ 8 ಸೆಂಟಿಮೀಟರ್ ದಪ್ಪ ಎಣ್ಣೆ ತೇಲುತ್ತಿತ್ತಂತೆ. ಸಾಂಬಾರಿನ ಮೇಲೆ ಎಣ್ಣೆ ನಿಂತಂತೆ ಅಂತ ಅಂದುಕೊಳ್ಳಿ. ಎಲ್ಲ ಸರಿ ಮಾಡಲು 25ರಿಂದ 30 ವರ್ಷ ಬೇಕು ಅಂದರು. ಕೆಲಸಕ್ಕೆ ಪೂಜೆ ಆದದ್ದು 2016ಕ್ಕೆ. ಶೆಲ್ ಅಲ್ಲಿ ಬಾವಿ ಮುಚ್ಚಿ 18 ವರ್ಷ ಆದಮೇಲಿನ ನೀರಿನ ಕಥೆ ಇದು, ಅಪ್ಪ. ಪೈಪುಗಳು ಮಾತ್ರ ಆ ನೆಲದಲ್ಲೇ ಹಾದುಹೋಗುತ್ತಿದ್ದವು.

ಡ್ರೈವರನ ಬೋಡೊದಲ್ಲಿ ಆದದ್ದು ಕೇಳಿ, ಲಾರಿ ತೂಕ ಹಾಕುವ ವೇ ಬ್ರಿಡ್ಜ್ ವಿಷಯ ನಿಮಗಿಂತ ಯಾರಿಗೆ ಗೊತ್ತು. 2008ರಲ್ಲಿ ಶೆಲ್ ಪೈಪು ಎರಡು ಸಲ ಒಡೆದು ವಾರಗಟ್ಟಲೆ ಎಣ್ಣೆ ಹರಿಯಿತು. ಅಲ್ಲಿ ಕಾಂಡ್ಲಾ ಕಾಡು, ಕುಂದಾಪುರದ ಕಡೆ ಹಿನ್ನೀರಿನಲ್ಲಿ ಬೇರು ಮೇಲೆ ಮಾಡಿಕೊಂಡು ನಿಂತಿರುತ್ತದಲ್ಲ, ಅದೇ. ಎಲ್ಲ ಸತ್ತು ಕರಿಕಡ್ಡಿ ಆಯಿತು, ಮೀನು ಏಡಿ ಹೋಯಿತು. ಎಷ್ಟು ಎಣ್ಣೆ ಹರಿಯಿತು ಅಂತ ಕಂಪನಿ ಹೇಳಿದ್ದು ಬಹಳ ಕಡಿಮೆ ಲೆಕ್ಕ. ಲಂಡನ್ ಕೋರ್ಟಿಗೆ ಎಳೆದ ಮೇಲೆ, ಹೌದು, ನಮ್ಮ ಲೆಕ್ಕ ಕಡಿಮೆಯಾಗಿತ್ತು ಅಂತ ಒಪ್ಪಿದರು. ನಮ್ಮ ಅದಿರಿನ ಕಥೆಯೇ, ಪರ್ಮಿಟ್ ಚೀಟಿಯಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು. "ಚೀಟಿ ಯಾರು ಬರೆಯುತ್ತಾನೋ ಗಣಿ ಅವನದು" ಅಂತ ನೀವು ಹೇಳುತ್ತಿದ್ದಿರಲ್ಲ, ನಾನು ಡ್ರೈವರನಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಸ್ಟೀರಿಂಗ್ ಮೇಲೆ ಕೈ ಬಡಿದು ನಕ್ಕ. 2015ರಲ್ಲಿ ರಾಜಿಯಾಯಿತು, 5.5 ಕೋಟಿ ಪೌಂಡ್. 15,600 ಜನಕ್ಕೆ ತಲಾ ಎರಡು ಸಾವಿರ ಪೌಂಡಿನ ಮೇಲೆ ಬಂತು. ಇವನ ಚಿಕ್ಕಪ್ಪ ಮನೆಗೆ ಹೊಸ ತಗಡು ಹಾಕಿಸಿದ. ಮೀನನ್ನು ಈಗಲೂ ಮಾರ್ಕೆಟ್ಟಿನಿಂದ ಕೊಂಡು ತರುತ್ತಾನೆ. ಮೀನುಗಾರನಾಗಿದ್ದವನು!

ಶಾಂತಿ ಇಲ್ಲವಾ ಅಂತ ಅಮ್ಮ ಯಾವಾಗಲೂ ಕೇಳುತ್ತಾಳೆ. ಇದೆ, ಒಂದು ಥರ ಇದೆ. ಆರು ಗಂಟೆಗೆ ನಾವು ಕಾಂಪೌಂಡ್ ಒಳಗಿರಬೇಕು, ದೂರ ಹೋದರೆ ಪೊಲೀಸ್ ಜೊತೆಗೆ. 2006ರಿಂದ ಹುಡುಗರು ಬಂದೂಕು ಹಿಡಿದು ಪೈಪು ಸಿಡಿಸಿ, ಎಣ್ಣೆ ಕಂಪನಿ ನೌಕರರನ್ನು ಎತ್ತಿಕೊಂಡು ಹೋಗುತ್ತಿದ್ದರು. 2009ರಲ್ಲಿ ಸರ್ಕಾರ ಕ್ಷಮಾದಾನ ಕೊಟ್ಟು, ಬಂದೂಕು ಒಪ್ಪಿಸಿದವರಿಗೆ ತಿಂಗಳಿಗೆ 65,000 ನೈರಾ ಭತ್ಯೆ ಮಾಡಿತು. ಎಣ್ಣೆ ಮತ್ತೆ ಹರಿಯಿತು. ಅರ್ಜಿ ಹಿಡಿದು ಬಂದವರಿಗೆ ನೇಣು, ಬಂದೂಕು ಹಿಡಿದು ಬಂದವರಿಗೆ ಸಂಬಳ. ಇದನ್ನು ನೋಡಿ ಬೆಳೆದ ಹುಡುಗ ಏನು ಕಲಿಯುತ್ತಾನೆ ಹೇಳಿ.

ಅಮ್ಮ, ನಿನಗೆ ಒಂದು ಇಷ್ಟವಾಗುವ ಕಥೆ. 2002ರಲ್ಲಿ ಎಸ್ಕ್ರಾವೋಸ್ ಅನ್ನುವಲ್ಲಿ ನೂರಾರು ಹೆಂಗಸರು, ಅಜ್ಜಿಯರೂ ಸೇರಿ, ಷೆವ್ರಾನ್ ಕಂಪನಿಯ ಎಣ್ಣೆ ಟರ್ಮಿನಲ್ ಒಳಗೆ ನುಗ್ಗಿ ಹತ್ತು ದಿನ ಕೂತುಬಿಟ್ಟರು. ಮಕ್ಕಳಿಗೆ ಕೆಲಸ, ಊರಿಗೆ ನೀರು, ಕರೆಂಟು ಕೊಡಿ, ಇಲ್ಲದಿದ್ದರೆ ಬಟ್ಟೆ ಬಿಚ್ಚುತ್ತೇವೆ ಅಂದರು. ತಾಯಿ ವಯಸ್ಸಿನವಳು ಹಾಗೆ ಮಾಡಿದರೆ ಇಲ್ಲಿ ಅದು ದೊಡ್ಡ ಶಾಪ. ಕಂಪನಿ ಒಪ್ಪಂದಕ್ಕೆ ಬಂತು.

ಇನ್ನೊಂದು, ಇಲ್ಲಿ ಬಾಳೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಮೀನಿನ ಜೊತೆ ತಿನ್ನುತ್ತಾರೆ. ಹೆಸರು 'ಬೋಲೆ'. ಬಾಳೆ, ಬೋಲೆ! ನಾನು ಮೀನು ಬಿಟ್ಟು ಬೋಲೆ ಮಾತ್ರ ತಿನ್ನುತ್ತೇನೆ, ಅಂಗಡಿಯವಳು ಪಾಪ ಅಂತ ನೋಡುತ್ತಾಳೆ.

ಸರಿ, ಟಿಪ್ಪರ್. ಬೇಡ ಅನ್ನುವುದಿಲ್ಲ. ನಾವು ಅದಿರಿನ ಅನ್ನ ತಿಂದೇ ಓದಿದ್ದು, ನಾನೂ ಈಗ ಎಣ್ಣೆ ಊರಿನ ಸಂಬಳದಲ್ಲೇ ಇದ್ದೇನೆ, ದೊಡ್ಡ ಮಾತು ಆಡಲಾರೆ. ಆದರೆ ಹೊಸ ಗಣಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆಗೆ ನೀವು ಹೋಗಿ, ಲಾರಿ ಸಂಘದವರ ಜೊತೆ ಕೂರಬೇಡಿ, ಊರಿನವರ ಜೊತೆ ಕೂತುಕೊಳ್ಳಿ. ಗಣಿ ಮುಚ್ಚಿದ ಮೇಲೆ ಗುಡ್ಡ ಸರಿ ಮಾಡೋದು ಯಾರು, ದುಡ್ಡು ಈಗಲೇ ಎಲ್ಲಿ ಇಡುತ್ತಾರೆ ಅಂತ ಕೇಳಿ, ಉತ್ತರ ಬರೆಸಿಕೊಳ್ಳಿ. ಅದಕ್ಕೂ ಮೊದಲು ನಮ್ಮ ಬಾವಿ, ಕೆಳಗಿನ ಓಣಿಯ ಬೋರು, ಕೆರೆ, ಮೂರರ ನೀರನ್ನೂ ಲ್ಯಾಬಿಗೆ ಕೊಡಿ. ಗಣಿ ಶುರುವಾಗುವ ಮೊದಲಿನ ತಾರೀಖು ಇರುವ ರಿಪೋರ್ಟು ನಮ್ಮ ಕೈಯಲ್ಲಿರಬೇಕು, ಈ ಸಲ ಚೀಟಿ ನಾವು ಬರೆಯೋಣ. ಖರ್ಚು ನನ್ನದು.

ತಮ್ಮನಿಗೆ ಹೇಳಿ, ಆ ರಿಪೋರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ಬಂದ ದಿನ ಮುಂಗಡದ ದುಡ್ಡು ಅವನ ಖಾತೆಗೆ ಹಾಕುತ್ತೇನೆ. ಕರೆಂಟ್ ಹೋಯಿತು, ಜನರೇಟರ್ ಹಾಕುವವರೆಗೆ ಸೆಕೆ ತಡೆಯಲಾಗದು. ತಂಗಿಯ ಪರೀಕ್ಷೆ ಹೇಗಾಯಿತು ಬರೆಯಿರಿ.

ನಿಮ್ಮ ಮಗ