ಕೈತಪ್ಪಿದ್ದನ್ನೂ ಬರೆದು ಕಳಿಸಿ

ಪ್ರಿಯ ಓದುಗರೇ,

ಕಳೆದ ತಿಂಗಳು ಒಂದು ಸಂಜೆ ಫೋನ್ ಬಂತು. ಓದಲು ಇಲ್ಲಿಗೆ ಬಂದಿರುವ ಹುಡುಗಿ, ನಮ್ಮ ಕನ್ನಡ ಸಂಘಕ್ಕೆ ಹೊಸಬಳು. "ಆಂಟಿ, ಮೂರು ಸಲ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದ್ರೆ ಹಾಲು ಹಾಲಾಗೇ ಇದೆ. ಸಂಘದ ಪತ್ರಿಕೇಲಿ ಬಂದಿತ್ತಲ್ಲ, ಹಾಗೇ ಮಾಡಿದ್ದು" ಎಂದಳು. ಇನ್ನೇನು ಅತ್ತೇ ಬಿಡುತ್ತಾಳೆ ಅನ್ನುವ ದನಿ.

ಹಳೆಯ ಸಂಚಿಕೆ ತೆಗೆದು ನೋಡಿದೆ. "ಉಗುರುಬೆಚ್ಚಗಿನ ಹಾಲಿಗೆ ಸ್ವಲ್ಪ ಮೊಸರು ಬೆರೆಸಿ ರಾತ್ರಿಯಿಡೀ ಬಿಡಿ." ಅಷ್ಟೇ ಇತ್ತು. ಅದನ್ನು ಓದಿ, ಸರಿ ಎಂದು ಅಚ್ಚಿಗೆ ಕೊಟ್ಟವಳು ನಾನು. ಮೊಸರು ಮಾಡಿ ರೂಢಿಯಿದ್ದವರಿಗೆ ಅಷ್ಟು ಸಾಕು. ಮೊದಲ ಸಲ ಮಾಡುವವಳಿಗೆ ಆ ಸಾಲಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ.

ಫೋನಿನಲ್ಲೇ ಒಂದೊಂದಾಗಿ ಕೇಳುತ್ತಾ ಹೋದೆ. ಹಾಲು ಕಾಯಿಸಿ, ಬೆರಳಿಗೆ ಬಿಸಿಯೇ ತಾಗದಷ್ಟು ಆರಿಸಿದ್ದಳು. ಮೊಸರನ್ನು ಫ್ರಿಜ್ಜಿನಿಂದ ತೆಗೆದವಳೇ ಹಾಕಿದ್ದಳು. ಚಿಕ್ಕ ಸ್ಟೀಲ್ ಬಟ್ಟಲು. ರಾತ್ರಿ ಹೀಟರ್ ಆರಿಸಿ ಮಲಗುವ ಮನೆ. ಅರ್ಧ ಗಂಟೆಯಲ್ಲಿ ಆ ಹಾಲು ತಣ್ಣಗಾಗಿರುತ್ತದೆ. ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೆ 40ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖ ಹಿತ. ತಣ್ಣಗಾದರೆ ಅವು ಸುಮ್ನೆ ಕೂತುಬಿಡುತ್ತವೆ. ಶಾಖ ತೀರಾ ಜಾಸ್ತಿಯಾದರೆ ಸಾಯುತ್ತವೆ.

ಥರ್ಮಾಮೀಟರ್ ಇದ್ದರೆ 43 ಡಿಗ್ರಿ ನೋಡಿಕೋ ಎಂದೆ. ಇಲ್ಲದಿದ್ದರೆ ತೊಳೆದ ಬೆರಳನ್ನು ಅದ್ದಿ ಹತ್ತು ಎಣಿಸು. ಬಿಸಿ ಅನ್ನಿಸಬೇಕು, ಆದರೆ ತಡೆದುಕೊಳ್ಳುವಂತಿರಬೇಕು. ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಓವನ್ ಒಳಗಿಡು. ಓವನ್ ಹಚ್ಚಬೇಡ, ಒಳಗಿನ ದೀಪ ಮಾತ್ರ ಉರಿಯಲಿ. ಇನ್ನೊಂದು ಮಾತು: ಕೆಲವು ಅಂಗಡಿ ಮೊಸರನ್ನು ಮತ್ತೆ ಬಿಸಿ ಮಾಡಿ ಡಬ್ಬಿಗೆ ತುಂಬಿರುತ್ತಾರೆ, ಅದರಲ್ಲಿ ಜೀವವಿರುವುದಿಲ್ಲ. ಡಬ್ಬಿಯ ಮೇಲೆ ಜೀವಂತ ಕಲ್ಚರ್, ಅಂದರೆ ಮೊಸರು ಮಾಡುವ ಬ್ಯಾಕ್ಟೀರಿಯಾ, ಇದೆ ಎಂದು ಬರೆದಿದೆಯೇ ನೋಡಿ ತಗೋ.

ಮರುದಿನ ಬೆಳಿಗ್ಗೆ 7 ಗಂಟೆಗೆ ಫೋಟೊ ಬಂತು. ಗಟ್ಟಿ ಮೊಸರಿನಲ್ಲಿ ಚಮಚ ಇಳಿಸಿದ ಗುರುತು, ಆ ಗುಳಿಯಲ್ಲಿ ಜಿನುಗಿದ ತಿಳಿನೀರು. ಜೊತೆಗೆ ಒಂದೇ ಪದ: "ಆಂಟೀ!"

ಆ ಫೋಟೊ ನೋಡಿದಾಗಿನಿಂದ ನಮ್ಮ ಅಡುಗೆ ಪುಟದ ಬಗ್ಗೆ ಯೋಚಿಸುತ್ತಿದ್ದೇನೆ. ನೀವು ಪ್ರೀತಿಯಿಂದ ಕಳಿಸುತ್ತೀರಿ, ನಾವು ಪ್ರೀತಿಯಿಂದ ಹಾಕುತ್ತೇವೆ. ಆದರೆ ಬರುವುದೆಲ್ಲ ವಿಶೇಷ ದಿನದ ಅಡುಗೆ. ವಾರದ ನಡುವೆ, ಕೆಲಸ ಮುಗಿಸಿ ಮನೆಗೆ ಬಂದು, ಮಕ್ಕಳು ಹಸಿವು ಹಸಿವು ಅನ್ನುತ್ತಿರುವಾಗ ಏನು ಮಾಡಿದಿರಿ ಎಂದು ಯಾರೂ ಬರೆಯುವುದಿಲ್ಲ. ಕೇಳಿದರೆ, "ಅಯ್ಯೋ, ಅದರಲ್ಲಿ ಬರೆಯೋಕೆ ಏನಿದೆ" ಅನ್ನುತ್ತೀರಿ. ತುಂಬಾ ಇದೆ. ವರ್ಷದಲ್ಲಿ ಮುನ್ನೂರು ದಿನ ಉಣ್ಣುವ ಊಟ ಅದೇ ಅಲ್ವಾ?

ಇನ್ನೊಂದು ತೊಡಕು ಅಳತೆಯದು. ಚಮಚ ಅಂದರೆ ಯಾವ ಚಮಚ? ಅಮೆರಿಕ, ಬ್ರಿಟನ್‌ಗಳಲ್ಲಿ ದೊಡ್ಡ ಚಮಚ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20 ಮಿಲಿ. ಅಮೆರಿಕದ ಕಪ್ಪು ಸುಮಾರು 237 ಮಿಲಿ, ಮೆಟ್ರಿಕ್ ಕಪ್ಪು 250. ಉಪ್ಪಿಗಿಂತ ರುಚಿಯಿಲ್ಲ ಎಂದವರು ನಾವು, ಆದರೆ ಉಪ್ಪಿನ ಲೆಕ್ಕವೇ ಎಷ್ಟು ಏರುಪೇರು ನೋಡಿ. ಒಂದು ಟೀ ಚಮಚ ಪುಡಿಯುಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಹಗುರವಾದ ಪದರದಂಥ ಉಪ್ಪಾದರೆ ಅದೇ ಚಮಚಕ್ಕೆ ಅರ್ಧದಷ್ಟೇ ಆಗಬಹುದು. ಹಿಟ್ಟನ್ನು ಮೆಲ್ಲಗೆ ತುಂಬಿದರೆ ಕಪ್ಪಿಗೆ 120 ಗ್ರಾಂ, ಅದುಮಿ ತುಂಬಿದರೆ 150 ದಾಟುತ್ತದೆ. ಕೈ ಅಳತೆ ಬಿಡಿ ಎನ್ನುತ್ತಿಲ್ಲ. ನನ್ನದೂ ಕೈ ಅಳತೆಯೇ. ಬರೆದು ಕಳಿಸುವ ಆ ಒಂದು ದಿನ ಮಾತ್ರ ತಕ್ಕಡಿ ಮೇಲಿಟ್ಟು ನೋಡಿ. ಕುಕ್ಕರಿನ "ಮೂರು ಕೂಗು" ಕೂಡ ಹಾಗೆಯೇ. ಈಗಿನ ಎಷ್ಟೋ ಕುಕ್ಕರುಗಳು ಕೂಗುವುದೇ ಇಲ್ಲ. ಒತ್ತಡ ಬಂದ ಮೇಲೆ ಎಷ್ಟು ನಿಮಿಷ ಎಂದು ಬರೆದರೆ ಎಲ್ಲರಿಗೂ ಆಗುತ್ತದೆ.

ನಿಮಿಷದ ಮಾತು ಬಂತಲ್ಲ, ಈರುಳ್ಳಿಗೆ ಬರೋಣ. "ಈರುಳ್ಳಿ ಕಂದು ಬಣ್ಣ ಬರುವವರೆಗೆ 5 ನಿಮಿಷ ಹುರಿಯಿರಿ" ಎಂದು ನಮ್ಮಲ್ಲೇ ಎಷ್ಟು ಸಲ ಬಂದಿಲ್ಲ! ಮೊನ್ನೆ ಗಡಿಯಾರ ಇಟ್ಟುಕೊಂಡು ನೋಡಿದೆ. ಮೂರು ದೊಡ್ಡ ಈರುಳ್ಳಿ, ಸಣ್ಣ ಉರಿ, ದಪ್ಪ ತಳದ ಬಾಣಲೆ. ಮೊದಲ ಹತ್ತು ನಿಮಿಷ ಬರೀ ಹಬೆ ಮತ್ತು ಸುಂಯ್ ಸದ್ದು. ಇಪ್ಪತ್ತಕ್ಕೆ ಮೆತ್ತಗಾಗಿ, ಅಂಚು ಹಳದಿಗೆ ತಿರುಗಿತು. ಸದ್ದು ಇಳಿಯಿತು. ಒಳ್ಳೆ ಬೆಲ್ಲದ ಬಣ್ಣ ಬರುವಾಗ 38 ನಿಮಿಷ. ಈರುಳ್ಳಿಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ನೀರು. ಆ ನೀರು ಆರುವವರೆಗೆ ಬಾಣಲೆಯೊಳಗಿನ ಶಾಖ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ಘಮ ಬೇಗ ಬರುವುದು 140 ಡಿಗ್ರಿ ಆಸುಪಾಸಿನಲ್ಲಿ. 1912ರಲ್ಲಿ ಫ್ರಾನ್ಸಿನ ಮಯ್ಯಾರ್ ಎಂಬ ವಿಜ್ಞಾನಿ ಈ ಬದಲಾವಣೆಯನ್ನು ವಿವರಿಸಿದರು. ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಸದ್ದು ಇಳಿದರೆ ನೀರು ಆರಿತು ಎಂದರ್ಥ. ಅಲ್ಲಿಂದ ಒಲೆ ಬಿಟ್ಟು ಕದಲಬಾರದು. ಇಂಥ ಒಂದು ಗುರುತು ಬರೆದರೆ ಹೊಸಬರಿಗೆ ಎಷ್ಟು ಧೈರ್ಯ ಬರುತ್ತದೆ!

ಹಾಗಾಗಿ ಕೇಳುತ್ತಿದ್ದೇನೆ, ಕೈತಪ್ಪಿದ್ದನ್ನೂ ಬರೆಯಿರಿ. ಒಂದು ಸಲ ನಾನು ನೆನೆಸಿದ ಕಾಳಿಗೆ ಮೊದಲೇ ಟೊಮೆಟೊ ಸುರಿದುಬಿಟ್ಟೆ. ಎರಡು ಗಂಟೆ ಕುದ್ದರೂ ಹಲ್ಲಿಗೆ ಗಟ್ಟಿ. ಹುಳಿ ಬಿದ್ದರೆ ಕಾಳು ಮೆತ್ತಗಾಗುವುದಿಲ್ಲ, ಬೆಂದ ಮೇಲೆ ಹಾಕಬೇಕು ಎಂದು ಆವತ್ತು ಕಲಿತೆ. ಗಡಸು ನೀರಿನ ಊರಲ್ಲೂ ಕಾಳು ತಡವಾಗಿ ಬೇಯುತ್ತದೆ. ಮನೆ ಬದಲಿಸಿದ ಮೇಲೆ "ನನ್ನ ಕೈಗೆ ಏನಾಯ್ತೋ" ಎಂದು ಕೊರಗುವವರು ಮೊದಲು ನೀರನ್ನು ಅನುಮಾನಿಸಿ.

ಹೊಸ ಪ್ರಯೋಗಗಳು ಖಂಡಿತ ಬೇಕು. ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ. ಕೆಂಪು ರಾಜ್ಮಾವನ್ನು ನೆನೆಸಿ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿಗೆ ನೇರ ಹಾಕುವ ವಿಧಾನ ಯಾರೇ ಕಳಿಸಲಿ, ನಾನು ಹಾಕುವುದಿಲ್ಲ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶವಿದೆ. 80 ಡಿಗ್ರಿಯಂಥ ಸಣ್ಣ ಶಾಖದಲ್ಲಿ ಅದು ಹೋಗುವುದಿರಲಿ, ಹೆಚ್ಚೇ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ. ಆಮೇಲೆ ಯಾವ ಪಾತ್ರೆಗೆ ಬೇಕಾದರೂ ಹಾಕಿ. ಮಿಕ್ಕ ಅನ್ನವನ್ನೂ ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡಬೇಡಿ. ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಬೆಂದ ಅನ್ನದಲ್ಲೂ ಉಳಿದುಕೊಳ್ಳುವ ಬ್ಯಾಕ್ಟೀರಿಯಾ ಇದೆ. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಈ ಸಂಚಿಕೆಯಿಂದ ಅಡುಗೆ ಪುಟಕ್ಕೆ "ದಿನದೂಟ" ಎಂದು ಹೆಸರಿಟ್ಟಿದ್ದೇವೆ. ಫೋಟೊ ಚೆನ್ನಾಗಿ ಬರಲೇಬೇಕೆಂದಿಲ್ಲ. ಮಸಿ ಹಿಡಿದ ಬಾಣಲೆಯೇ ಇರಲಿ. ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಎಷ್ಟು ಹೊತ್ತಾಯಿತು, ಎಲ್ಲಿ ಹದ ತಪ್ಪಿತು, ಮುಂದಿನ ಸಲ ಏನು ಬದಲಿಸುತ್ತೀರಿ, ಇಷ್ಟು ಬರೆಯಿರಿ. ಗಂಡಸರೂ ಬರೆಯಿರಿ. ಸಂಘದ ಕೂಟಗಳಲ್ಲಿ ನಿಮ್ಮ ಕೈರುಚಿ ಉಂಡು ಗೊತ್ತಿದೆ, ಅಳತೆ ಮಾತ್ರ ಇನ್ನೂ ಸಿಕ್ಕಿಲ್ಲ.

ಮೊದಲ ಬರಹ ಆಗಲೇ ಬಂದಿದೆ, 6ನೇ ಪುಟದಲ್ಲಿದೆ. ಅರ್ಧ ಲೀಟರ್ ಹಾಲು, 2 ಟೀ ಚಮಚ ಮೊಸರು, 43 ಡಿಗ್ರಿ, 8 ಗಂಟೆ. ಅದರ ಮೇಲೆ, ಹೆಪ್ಪುಗಟ್ಟದ ಮೂರು ರಾತ್ರಿಗಳ ಕತೆಯನ್ನೂ ಆ ಹುಡುಗಿ ಬಿಡದೆ ಬರೆದಿದ್ದಾಳೆ.

ನಿಮ್ಮ,
ಸಂಪಾದಕಿ