ಆ ಮೇಜಿನ ಸುತ್ತ ದ್ರೋಹಿಯೇ ಇರಲಿಲ್ಲ ಕಣೋ

ಗೆಳೆಯಾ,

ನೀನು ಬಿಟ್ಟು ಹೋದ ಡಬ್ಬಿಯನ್ನು ಕಳೆದ ಶನಿವಾರ ತೆಗೆದೆವು. ಅದೇ, ‘ಶಾಡೋಸ್ ಓವರ್ ಕ್ಯಾಮೆಲಾಟ್’ ಅನ್ನೋ ಬೋರ್ಡ್ ಆಟ. ನಾನು, ಅಕ್ಕ, ಭಾವ, ಪಕ್ಕದ ಮನೆಯ ಇಬ್ಬರು ಹುಡುಗರು. ನಾವೆಲ್ಲ ಆರ್ಥರ್ ರಾಜನ ಕಡೆಯವರು, ಗೆದ್ದರೆ ಒಟ್ಟಿಗೇ ಗೆಲ್ಲೋದು ಅಂತ ಹುಡುಗರಿಗೆ ಹೇಳಿಕೊಟ್ಟೆ. ಪ್ರತಿ ಸರದಿಯಲ್ಲೂ ಮೊದಲು ಒಂದು ಕೆಟ್ಟದ್ದು ಆಗಲೇಬೇಕು. ಕಪ್ಪು ಕಾರ್ಡ್ ಎಳೆಯಬೇಕು, ಇಲ್ಲ ಕೋಟೆ ಮುಂದೆ ಮುತ್ತಿಗೆ ಯಂತ್ರ ಇಡಬೇಕು, ಇಲ್ಲ ಒಂದು ಜೀವ ಕಳೆದುಕೊಳ್ಳಬೇಕು. ಆಮೇಲೇ ಒಳ್ಳೇ ಕೆಲಸ. ಯಂತ್ರ 12 ಆದರೆ ಕತೆ ಮುಗೀತು. ಸಾಹಸ ಗೆದ್ದರೆ ಮೇಜಿನ ಮೇಲೆ ಬಿಳಿ ಕತ್ತಿ, ಸೋತರೆ ಕಪ್ಪು ಕತ್ತಿ; 12 ತುಂಬಿದಾಗ ಬಿಳಿ ಜಾಸ್ತಿ ಇರಬೇಕು, ಸಮ ಬಂದರೂ ಸೋಲೇ.

ಗುಟ್ಟಿನ ಕಾರ್ಡ್ 8. ಏಳರಲ್ಲಿ ನಿಷ್ಠೆ, ಒಂದರಲ್ಲಿ ದ್ರೋಹ; ಅದು ಸಿಕ್ಕವರು ಗುಟ್ಟಾಗಿ ಉಳಿದವರನ್ನು ಸೋಲಿಸಬೇಕು. ತಲಾ ಒಂದು ಹಂಚಿ, ಉಳಿದ ಮೂರನ್ನು ನೋಡದೆ ಪಕ್ಕಕ್ಕಿಟ್ಟೆ.

ಅಕ್ಕ ಎಕ್ಸ್‌ಕ್ಯಾಲಿಬರ್ ಅನ್ನೋ ಆರ್ಥರನ ಮಾಯಾ ಕತ್ತಿ ತರಲು ಹೋದಳು. ಅಲ್ಲಿ ಒಂದೊಂದು ಹೆಜ್ಜೆಗೂ ಒಂದು ಬಿಳಿ ಕಾರ್ಡ್ ಕವುಚಿ ಹಾಕಬೇಕಲ್ವಾ, ಯಾವುದು ಅಂತ ಯಾರಿಗೂ ಕಾಣಲ್ಲ. ಅವಳು ಒಂದು ಕಾರ್ಡ್ ಎಳೆದಳು, ಅದರ ಮೂಲೆಯನ್ನು ಹೆಬ್ಬೆರಳಲ್ಲಿ ಸವರಿದಳು, ವಾಪಸ್ ಕೈಗೆ ಸೇರಿಸಿ ಬೇರೊಂದನ್ನು ಹಾಕಿದಳು. ಮುಂದಿನ ಸರದಿಯಲ್ಲೂ ಹಾಗೇ. ನನ್ನ ಕಣ್ಣು ಆ ಹೆಬ್ಬೆರಳ ಮೇಲೇ ನಿಂತಿತು. ಹೋದ ವರ್ಷ ನೀನು ಅಲ್ಲೇ ಕೂತು, ಪವಿತ್ರ ಬಟ್ಟಲಿನ ಸಾಹಸಕ್ಕೆ ನಮಗೆ ಬೇಕಾಗಿದ್ದ ಗ್ರೇಲ್ ಕಾರ್ಡ್‌ಗಳನ್ನು ಒಂದೊಂದಾಗಿ ಕವುಚಿ ಹಾಕಿದ್ದೆ. ಕೊನೆಯವರೆಗೂ ನಿನ್ನ ಮೇಲೆ ಅನುಮಾನ ಬರಲಿಲ್ಲ. ಸಿಕ್ಕಿಬೀಳದ ದ್ರೋಹಿಗಾಗಿ ಎರಡು ಬಿಳಿ ಕತ್ತಿ ಕಪ್ಪಾದವು, ಸೋತೆವು.

ಈ ಸಲ ಹಾಗಾಗಬಾರದು ಅಂತ, ಆರನೇ ಕತ್ತಿ ಬಿದ್ದ ಕೂಡಲೇ ಅಕ್ಕನ ಮೇಲೆ ಆರೋಪ ಹೊರಿಸಿದೆ. ಅವಳು ಒಂದು ಮಾತೂ ಆಡದೆ ಕಾರ್ಡ್ ತಿರುಗಿಸಿದಳು. ನಿಷ್ಠೆ. ಒಂದು ಬಿಳಿ ಕತ್ತಿಯನ್ನು ನಾನೇ ಕೈಯಾರೆ ಕಪ್ಪು ಮಾಡಬೇಕಾಯ್ತು.

ಅಲ್ಲಿಂದ ಆಟದ ರುಚಿಯೇ ಬದಲಾಯ್ತು. ಭಾವ ಹುಡುಗರನ್ನು ನಂಬಲಿಲ್ಲ, ಹುಡುಗರು ನನ್ನನ್ನು ನಂಬಲಿಲ್ಲ. ಯಂತ್ರಗಳ ಹತ್ತಿರ ಯಾರೂ ಹೋಗಲಿಲ್ಲ. ಕೊನೆಗೆ 6 ಬಿಳಿ, 6 ಕಪ್ಪು. ನಾನು ತಿರುಗಿಸಿದ ಆ ಒಂದು ಕತ್ತಿ ಬಿಳಿಯಾಗೇ ಇದ್ದಿದ್ದರೆ ಏಳು ಐದು!

ಆಮೇಲೆ ಎಲ್ಲರೂ ಗುಟ್ಟಿನ ಕಾರ್ಡ್ ತೆಗೆದೆವು. ಐದೂ ನಿಷ್ಠೆ. ದ್ರೋಹಿಯ ಕಾರ್ಡ್ ಆ ಪಕ್ಕದ ಮೂರರಲ್ಲಿ ಸುಮ್ನೆ ಬಿದ್ದಿತ್ತು.

2005ರಲ್ಲಿ ಈ ಆಟ ಮಾಡಿದ ಸೆರ್ಜ್ ಲಾಜೆ, ಬ್ರೂನೋ ಕಥಾಲಾ ಇಬ್ಬರಿಗೂ ನಾನು ಕೈ ಮುಗಿಯೋದು ಇದಕ್ಕೇ. ಜಾಸ್ತಿ ಅಂದರೆ ಏಳು ಜನ ಆಡಬಹುದು, ಆಗಲೂ ಒಂದು ಕಾರ್ಡ್ ಉಳಿಯುತ್ತದೆ. ದ್ರೋಹಿ ಇದ್ದಾನೆ ಅಂತ ಯಾರೂ ಖಾತ್ರಿಯಾಗಿ ಹೇಳುವ ಹಾಗಿಲ್ಲ.

ರಾತ್ರಿ ಅಕ್ಕನನ್ನು ಕೇಳಿದೆ, ಯಾಕೆ ಅಷ್ಟು ತಡವರಿಸಿದೆ ಅಂತ. ಅವಳ ಕೈಯಲ್ಲಿ ಎರಡು ಗ್ರೇಲ್ ಇದ್ದವಂತೆ. ಬೇರೆಯವರಿಗೆ ಬೇಕಾಗಬಹುದು, ಕಳೆಯಬಾರದು ಅಂತ ಉಳಿಸಿಕೊಳ್ಳುತ್ತಿದ್ದಳಂತೆ.

ಸಂಕ್ರಾಂತಿಗೆ ಬಾ. ಡಬ್ಬಿ ಮೇಜಿನ ಮೇಲೇ ಇದೆ, ಇನ್ನೂ ಕಪಾಟಿಗೆ ಸೇರಿಸಿಲ್ಲ.

ನಿನ್ನ ಗೆಳೆಯ